ಹಸುರು ಕಟ್ಟಡದ ಬಿಲ್ಲೆ ಯಾರ ಎದೆಗೆ?

ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ಸು ಹಿಡಿಯುವ ದಾವಣಗೆರೆಯ ಹುಡುಗರಿಗೆ ಈಗ ಹೊಸದೊಂದು ಉಪದೇಶ ಸಿಗುತ್ತಿದೆ. “ಬರಿಯ ಸಿವಿಲ್ ಓದಿದರೆ ಸಾಲದಪ್ಪ, ಹಸುರು ಕಟ್ಟಡದ ಪರೀಕ್ಷೆಗೂ ಕಟ್ಟು. ಹೆಸರಿನ ಮುಂದೆ ಎರಡಕ್ಷರ ಬಿದ್ದರೆ ಸಂಬಳವೂ ನಾಲ್ಕು ಕಾಸು ಏರುತ್ತದೆ” ಎಂದು. ಅಪ್ಪ ಗಿರಣಿಯ ಪಗಾರದಲ್ಲೋ ಮಂಡಕ್ಕಿ ಭಟ್ಟಿಯ ದುಡಿಮೆಯಲ್ಲೋ ಉಳಿಸಿಟ್ಟ ಹಣ ಕೋಚಿಂಗಿಗೂ ಪರೀಕ್ಷೆಯ ಶುಲ್ಕಕ್ಕೂ ಹರಿದುಹೋಗುತ್ತಿದೆ. ಆದುದರಿಂದ ಇದು ಇಂಜಿನಿಯರು ಮಹಾಶಯರ ಮನೆವಾರ್ತೆ, ನಮಗೇಕೆ ಎಂದು ದುಡಿಯುವ ಜನರ ಪತ್ರಿಕೆಯೊಂದು ಕೈಕಟ್ಟಿ ಕೂರುವಂತಿಲ್ಲ.

ಮೊದಲೇ ಹೇಳಿಬಿಡುತ್ತೇವೆ. ನೀರು, ವಿದ್ಯುತ್ತು ಉಳಿಸುವ ಕಟ್ಟಡಕ್ಕೆ ನಮ್ಮ ವಿರೋಧವಿಲ್ಲ. ಕಲಿತವನನ್ನು ಪರೀಕ್ಷಿಸಿ ನೋಡಬೇಕೆಂಬುದಕ್ಕೂ ವಿರೋಧವಿಲ್ಲ. ನಮ್ಮ ತಕರಾರು ಬೇರೆ. ಈ ಪರೀಕ್ಷೆ ಕಟ್ಟಡವನ್ನು ಪರೀಕ್ಷಿಸುತ್ತದೆಯೋ, ಪುಸ್ತಕವನ್ನು ಪರೀಕ್ಷಿಸುತ್ತದೆಯೋ? ಪಾಸಾದವನ ಕಟ್ಟಡ ಸೋತರೆ ಅವನನ್ನು ಕೇಳುವವರು ಯಾರು? ಗೋಡೆಯನ್ನು ಕೈಯಾರೆ ಎಬ್ಬಿಸುವವನಿಗೆ ಮಾತ್ರ ಈ ಪರೀಕ್ಷೆಯ ಹೊಸ್ತಿಲನ್ನು ಇಷ್ಟು ಎತ್ತರಕ್ಕೆ ಕಟ್ಟಿದವರು ಯಾರು?

ಮೂರು ಅಂಗಡಿ, ಮೂರು ಬಿಲ್ಲೆ

ಈ ಮೂರರಲ್ಲಿ ಮೊದಲ ಅಂಗಡಿ ಅಮೆರಿಕದ್ದು. ಅಲ್ಲಿನ ಹಸುರು ಕಟ್ಟಡ ಮಂಡಳಿ ೧೯೯೩ರಲ್ಲಿ ಸ್ಥಾಪನೆಯಾಯಿತು. ೧೯೯೮ರಲ್ಲಿ ಅದು ‘ಲೀಡ್’ ಎಂಬ ಅಳತೆಗೋಲನ್ನು ಹೊರತಂದಿತು. ೨೦೦೧ರಿಂದ ಆ ಅಳತೆಗೋಲನ್ನು ಬಲ್ಲವರಿಗೆ ಪರೀಕ್ಷೆ ಮಾಡಿ ಪದವಿ ಕೊಡತೊಡಗಿದರು. ೨೦೦೮ರಲ್ಲಿ ಪರೀಕ್ಷೆಗೆಂದೇ ಬೇರೆ ಸಂಸ್ಥೆ ಕಟ್ಟಿದರು. ಮರುವರ್ಷ ಪದವಿಯನ್ನು ಎರಡು ಮೆಟ್ಟಿಲು ಮಾಡಿದರು. ಮೊದಲು ‘ಗ್ರೀನ್ ಅಸೋಸಿಯೇಟ್’, ಆಮೇಲೆ ‘ಅಕ್ರೆಡಿಟೆಡ್ ಪ್ರೊಫೆಷನಲ್’, ಅಂದರೆ ಎ.ಪಿ. ನೂರು ಪ್ರಶ್ನೆ, ಎರಡು ತಾಸು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸಬೇಕು. ೨೦೦ಕ್ಕೆ ೧೭೦ ಬಂದರೆ ತೇರ್ಗಡೆ. ಶುಲ್ಕ ಡಾಲರಿನ ಲೆಕ್ಕ. ತೇರ್ಗಡೆಯಾದ ಮೇಲೂ ಬಿಡುಗಡೆಯಿಲ್ಲ. ಎರಡು ವರ್ಷಕ್ಕೊಮ್ಮೆ ಮೊದಲ ಮೆಟ್ಟಿಲಿನವನು ೧೫ ತಾಸು, ಎರಡನೆಯವನು ೩೦ ತಾಸು ಪಾಠ ಕೇಳಿದ ಲೆಕ್ಕ ಒಪ್ಪಿಸಿ, ನವೀಕರಣದ ಹಣ ತೆರಬೇಕು. ಇಲ್ಲವಾದರೆ ಬಿಲ್ಲೆ ಹೋಯಿತು.

ನಮ್ಮ ದೇಶದಲ್ಲಿ ೨೦೦೧ರಲ್ಲಿ ಭಾರತೀಯ ಹಸುರು ಕಟ್ಟಡ ಮಂಡಳಿ ಬಂತು. ಇದರ ತಾಯಿಬೇರು ಸಿ.ಐ.ಐ. ಅಂದರೆ ದೇಶದ ಕೈಗಾರಿಕೋದ್ಯಮಿಗಳ ಒಕ್ಕೂಟ. ಕಛೇರಿ ಹೈದರಾಬಾದಿನಲ್ಲಿ. ಇದಕ್ಕೂ ತನ್ನದೇ ಅಳತೆಗೋಲು, ತನ್ನದೇ ಎ.ಪಿ. ಪರೀಕ್ಷೆ. ೨೦೦೭ರಲ್ಲಿ ದೆಹಲಿಯ ‘ಟೆರಿ’ ಸಂಸ್ಥೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದೊಡನೆ ಸೇರಿ ‘ಗೃಹ’ ಎಂಬ ಮೂರನೆಯದನ್ನು ತಂದಿತು. ಅದಕ್ಕೂ ಒಂದು ಪರೀಕ್ಷೆ.

ಇಲ್ಲಿ ನಮ್ಮ ವ್ಯಾಪಾರಿ ಮಿತ್ರರು ಸ್ವಲ್ಪ ನಿಂತು ನೋಡಬೇಕು. ಕಿರಾಣಿ ಅಂಗಡಿಯವನ ತಕ್ಕಡಿಗೆ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳಬೇಕು. ಬೀಳದಿದ್ದರೆ ದಂಡ. ಆತ ತನ್ನ ತಕ್ಕಡಿಗೆ ತಾನೇ ಮುದ್ರೆ ಹಾಕಿಕೊಂಡರೆ ಕಳ್ಳನೆನ್ನುತ್ತಾರೆ. ಸಿಮೆಂಟು, ಗಾಜು, ಬಣ್ಣ, ಹವಾನಿಯಂತ್ರಣ ಯಂತ್ರ ಮಾರುವ ದೊಡ್ಡ ಧಣಿಗಳ ಒಕ್ಕೂಟದ ನೆರಳಿನಲ್ಲಿ ಕಟ್ಟಡದ ಅಳತೆಗೋಲೂ ತಯಾರಾಗಿ, ಅಳೆಯುವವನ ಪರೀಕ್ಷೆಯೂ ನಡೆದು, ಸರಕಿಗೆ ‘ಗ್ರೀನ್‌ಪ್ರೊ’ ಎಂಬ ಮುದ್ರೆಯೂ ಬಿದ್ದರೆ ಅದನ್ನು ದೇಶಸೇವೆಯೆನ್ನುತ್ತಾರೆ.

ಕಲ್ಪನೆಯ ಕಟ್ಟಡ, ನಿಜವಾದ ಬಿಲ್ಲು

ಲೀಡ್ ಪದ್ಧತಿಯಲ್ಲಿ ಒಟ್ಟು ೧೧೦ ಅಂಕಗಳು. ೪೦ ಬಂದರೆ ಸರ್ಟಿಫಿಕೇಟು, ೫೦ಕ್ಕೆ ಬೆಳ್ಳಿ, ೬೦ಕ್ಕೆ ಚಿನ್ನ, ೮೦ಕ್ಕೆ ಪ್ಲಾಟಿನಂ. ಈ ಅಂಕಗಳಲ್ಲಿ ಒಂದು ಅಂಕ ಯಾವುದಕ್ಕೆ ಗೊತ್ತೆ? ಕಟ್ಟಡದ ತಂಡದಲ್ಲಿ ಎ.ಪಿ. ಪರೀಕ್ಷೆ ಪಾಸಾದವನೊಬ್ಬ ಇದ್ದಾನೆಂಬುದಕ್ಕೆ! ಅವನು ಒಂದು ಯೂನಿಟ್ ವಿದ್ಯುತ್ತು ಉಳಿಸಿದನೇ, ಒಂದು ಕೊಡ ನೀರು ಉಳಿಸಿದನೇ, ಕೇಳುವಂತಿಲ್ಲ. ಅವನು ಇದ್ದರೆ ಆಯಿತು. ನಮ್ಮ ಸಿ.ಐ.ಐ. ಮಂಡಳಿಯೂ ಈ ಪಾಠವನ್ನು ಚಾಚೂ ತಪ್ಪದೆ ಕಲಿತಿದೆ, ಅಲ್ಲಿಯೂ ತನ್ನ ಎ.ಪಿ.ಗೆ ಅಂಕ ಉಂಟು. ಪರೀಕ್ಷೆ ನಡೆಸುವವರೇ ಪರೀಕ್ಷೆ ಪಾಸಾದವನಿಗೆ ಗಿರಾಕಿಯನ್ನೂ ಒದಗಿಸುವ ಈ ಏರ್ಪಾಡನ್ನು ಕಂಡು ಸಂತೆಯ ದಲ್ಲಾಳಿಯೂ ನಾಚಬೇಕು.

ಇನ್ನು ವಿದ್ಯುತ್ ಉಳಿತಾಯದ ಅಂಕಗಳ ಮಾತು. ಕಟ್ಟಡ ಎಷ್ಟು ಉಳಿಸುತ್ತದೆಂದು ಹೇಗೆ ಕಂಡುಹಿಡಿಯುತ್ತಾರೆ? ಕಂಪ್ಯೂಟರಿನಲ್ಲಿ ಎರಡು ಕಟ್ಟಡ ಕಟ್ಟುತ್ತಾರೆ. ಒಂದು, ತಾವು ಕಟ್ಟಲಿರುವ ಕಟ್ಟಡ. ಇನ್ನೊಂದು, ಅದೇ ಅಳತೆಯದು, ಆದರೆ ಕನಿಷ್ಠ ನಿಯಮವನ್ನಷ್ಟೇ ಪಾಲಿಸಿದ ಕಲ್ಪನೆಯ ಕಟ್ಟಡ. ಎರಡರ ಅಂದಾಜು ಖರ್ಚನ್ನು ಹೋಲಿಸಿ, ವ್ಯತ್ಯಾಸವನ್ನು ಉಳಿತಾಯವೆಂದು ಬರೆದುಕೊಳ್ಳುತ್ತಾರೆ. ನಮ್ಮ ಅಂಗಡಿಯವನೊಬ್ಬ, “ಸಾವಿರ ರೂಪಾಯಿ ಸಾಲ ಮಾಡಬೇಕೆಂದಿದ್ದೆ, ಎಂಟುನೂರು ಮಾತ್ರ ಮಾಡಿದೆ, ಆದ್ದರಿಂದ ಇನ್ನೂರು ಸಂಪಾದಿಸಿದೆ” ಎಂದು ಖಾತೆಯಲ್ಲಿ ಬರೆದರೆ ಮನೆಯವಳು ಏನೆನ್ನಬಹುದು? ಮೈತುಂಬ ಗಾಜು ಹೊದ್ದು, ಹಗಲಿಡೀ ತಣ್ಣನೆಯ ಗಾಳಿ ಹೀರುವ ಹತ್ತಂತಸ್ತಿನ ಕಛೇರಿ ಈ ಲೆಕ್ಕದಲ್ಲಿ ಚಿನ್ನದ ಪದಕ ಗೆಲ್ಲಬಲ್ಲದು. ದಪ್ಪ ಮಣ್ಣಿನ ಗೋಡೆಯ, ಬೆಳಕಿಂಡಿಯ ಮಾಳಿಗೆ ಮನೆ ಒಂದು ಫ್ಯಾನಿನಲ್ಲೇ ಬೇಸಗೆ ಕಳೆಯುತ್ತದೆ. ಅದಕ್ಕೆ ಅರ್ಜಿ ಹಾಕುವವರೂ ಇಲ್ಲ.

ನ್ಯೂಯಾರ್ಕಿನಲ್ಲಿ ಬ್ಯಾಂಕ್ ಆಫ್ ಅಮೆರಿಕದ ಗೋಪುರವೊಂದಿದೆ. ೨೦೧೦ರಲ್ಲಿ ಅದಕ್ಕೆ ಪ್ಲಾಟಿನಂ ಸಿಕ್ಕಿತು. ಆ ನಗರ ೨೦೦೯ರಲ್ಲೇ ಕಾನೂನು ಮಾಡಿ, ದೊಡ್ಡ ಕಟ್ಟಡಗಳು ಪ್ರತಿ ವರ್ಷ ತಾವು ಬಳಸಿದ ಶಕ್ತಿಯ ಲೆಕ್ಕ ಕೊಡಬೇಕೆಂದು ವಿಧಿಸಿತ್ತು. ಲೆಕ್ಕ ಹೊರಬಿದ್ದಾಗ ಈ ಪ್ಲಾಟಿನಂ ಗೋಪುರ ಚದರಡಿಗೆ ಬಳಸುವ ಶಕ್ತಿ ಯಾವ ಪದಕವೂ ಇಲ್ಲದ ಹಳೆಯ ಗೋಪುರಗಳಿಗಿಂತ ಹೆಚ್ಚೆಂದು ೨೦೧೩ರಲ್ಲಿ ಅಲ್ಲಿನ ಪತ್ರಿಕೆಯೇ ಬರೆಯಿತು. ಒಳಗೆ ಕುಳಿತು ಹಣದ ಜೂಜಾಡುವವರ ಕಂಪ್ಯೂಟರುಗಳೇ ಅಷ್ಟನ್ನೂ ನುಂಗುತ್ತವೆ, ಕಟ್ಟಡದ ತಪ್ಪಿಲ್ಲ ಎಂದು ಸಮರ್ಥಕರು ಹೇಳಿದರು. ಇರಬಹುದು. ಆದರೆ ಆ ಕಂಪ್ಯೂಟರುಗಳಿಗೆಂದೇ ಅಲ್ಲವೇ ಆ ಕಟ್ಟಡ ಕಟ್ಟಿದ್ದು?

ಅಮೆರಿಕದ ಪದ್ಧತಿಯ ಈಚಿನ ಆವೃತ್ತಿಗಳಲ್ಲಿ ಬಳಕೆಯ ಲೆಕ್ಕ ಕಳಿಸುವ ಕರಾರು ಸೇರಿದೆಯೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಲೆಕ್ಕ ಕೆಟ್ಟಿತೆಂದು ಹೊಸ ಕಟ್ಟಡಕ್ಕೆ ಹಚ್ಚಿದ ಫಲಕವನ್ನು ಕಳಚುವ ಕರಾರಿಲ್ಲ. ಮನುಷ್ಯನ ಬಿಲ್ಲೆಗೆ ಎರಡು ವರ್ಷದ ಗಡುವು, ಅಲ್ಲಿನ ಫಲಕಕ್ಕೆ ಗಡುವೇ ಇಲ್ಲ. ಈ ವಿಷಯದಲ್ಲಿ ನಮ್ಮ ‘ಗೃಹ’ ಮೇಲು. ಅದರ ನಕ್ಷತ್ರಕ್ಕೆ ಐದು ವರ್ಷದ ಆಯುಸ್ಸು. ಅದಕ್ಕಿಂತ ಮೇಲಾದದ್ದು ಕೇಂದ್ರ ಸರಕಾರದ ಶಕ್ತಿ ದಕ್ಷತಾ ಬ್ಯೂರೋ ೨೦೦೯ರಲ್ಲಿ ಕಛೇರಿ ಕಟ್ಟಡಗಳಿಗೆ ತಂದ ನಕ್ಷತ್ರ ಪದ್ಧತಿ. ಅಲ್ಲಿ ಕಲ್ಪನೆಯ ಕಟ್ಟಡ ಇಲ್ಲ. ವರ್ಷಕ್ಕೆ ಚದರ ಮೀಟರಿಗೆ ಎಷ್ಟು ಯೂನಿಟ್ ಸುಟ್ಟೆ, ಬಿಲ್ಲು ತೋರಿಸು ಎನ್ನುತ್ತಾರೆ. ನೇರವಾದ ಮಾತು. ಬಹುಶಃ ಅದಕ್ಕೇ ಅದರ ಹೆಸರು ಜಾಹೀರಾತಿನ ಹಲಗೆಗಳಲ್ಲಿ ಕಾಣುವುದು ಅಪರೂಪ.

ಬಾಯ್ಲರಿನವನ ಸರ್ಟಿಫಿಕೇಟು

ಗಿರಣಿಯ ಕಾರ್ಮಿಕರಿಗೆ ಸರ್ಟಿಫಿಕೇಟೆಂದರೇನೆಂದು ನಾವು ಕಲಿಸಬೇಕಾಗಿಲ್ಲ. ೧೯೨೩ರ ಬಾಯ್ಲರ್ ಕಾನೂನಿನ ಕಾಲದಿಂದ ನಡೆದುಬಂದ ಪದ್ಧತಿಯನ್ನೇ ನೋಡಿರಿ. ಪ್ರಮಾಣಪತ್ರ ಪಡೆದ ಅಟೆಂಡೆಂಟ್ ಇಲ್ಲದೆ ಬಾಯ್ಲರಿಗೆ ಬೆಂಕಿ ಹಾಕುವಂತಿಲ್ಲ. ಆ ಪರೀಕ್ಷೆಗೆ ಕೂರುವವನು ಬೆಂಕಿಮನೆಯಲ್ಲಿ ದುಡಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಪರೀಕ್ಷಕರು ಎದುರಿಗೆ ಕೂರಿಸಿಕೊಂಡು, ನೀರಿನ ಗಾಜಿನಲ್ಲಿ ಮಟ್ಟ ಕಾಣದಿದ್ದರೆ ಏನು ಮಾಡುತ್ತೀ, ಸೇಫ್ಟಿ ವಾಲ್ವು ಅಂಟಿಕೊಂಡರೆ ಏನು ಮಾಡುತ್ತೀ ಎಂದು ಕೇಳುತ್ತಾರೆ. ವೈರ್‌ಮನ್ನನ ಪರವಾನಗಿಯೂ ಇದೇ ಜಾತಿಯದು. ಇವು ಹುಟ್ಟಿದ್ದು ಸಂಬಳ ಏರಿಸಲೆಂದಲ್ಲ. ಬಲ್ಲದವನು ಕೈಯಿಟ್ಟರೆ ಜೀವ ಹೋಗುತ್ತದೆಂದು. ತಪ್ಪು ಮಾಡಿದರೆ ಅಟೆಂಡೆಂಟನ ಸರ್ಟಿಫಿಕೇಟು ಹೋಗುತ್ತದೆ, ಅದಕ್ಕೂ ಮೊದಲು ಅವನೇ ಹೋಗುತ್ತಾನೆ. ಹಸುರು ಕಟ್ಟಡದ ಎ.ಪಿ. ಮಹಾಶಯನ ಕಟ್ಟಡ ಲೆಕ್ಕಕ್ಕಿಂತ ಇಮ್ಮಡಿ ವಿದ್ಯುತ್ತು ನುಂಗಿದರೆ ಅವನಿಗೇನಾಗುತ್ತದೆ? ಏನೂ ಇಲ್ಲ. ಮೂವತ್ತು ತಾಸು ಪಾಠ ಕೇಳಿದ್ದಾನೆಯೇ ಇಲ್ಲವೇ ಎಂಬುದಷ್ಟೇ ಅವನನ್ನು ಕೇಳುವ ಪ್ರಶ್ನೆ.

ಗಿರಣಿಗೂ ಇಂಥ ಹುದ್ದೆಯೊಂದು ಬಂದಿದೆ. ೨೦೦೧ರ ಶಕ್ತಿ ಸಂರಕ್ಷಣಾ ಕಾನೂನಿನಂತೆ ದೊಡ್ಡ ಬಟ್ಟೆ ಗಿರಣಿಗಳು, ಅಂದರೆ ವರ್ಷಕ್ಕೆ ೩,೦೦೦ ಟನ್ ಎಣ್ಣೆಗೆ ಸಮನಾದ ಶಕ್ತಿ ಬಳಸುವಂಥವು, ಬ್ಯೂರೋದ ಪರೀಕ್ಷೆ ಪಾಸಾದ ಎನರ್ಜಿ ಮ್ಯಾನೇಜರನ್ನು ಇಟ್ಟುಕೊಳ್ಳಬೇಕು. ಒಳ್ಳೆಯ ಕಾನೂನು. ಆದರೆ ಪರೀಕ್ಷೆಗೆ ಕೂರಲು ಪದವಿಯೋ ಡಿಪ್ಲೊಮಾವೋ ಇರಬೇಕು. ಯಾವ ಉಗಿ ಕೊಳವೆ ಎಲ್ಲಿ ಸೋರುತ್ತದೆ, ಯಾವ ಮೋಟಾರು ಹೊತ್ತು ಕಳೆದಂತೆ ಏಕೆ ಕಾಯುತ್ತದೆ ಎಂದು ಕತ್ತಲಲ್ಲೂ ಹೇಳಬಲ್ಲ ಐ.ಟಿ.ಐ. ಫಿಟ್ಟರಿಗೆ ಆ ಬಾಗಿಲು ಮುಚ್ಚಿದೆ. ಮ್ಯಾನೇಜರು ಬಂದು ಮೊದಲು ಕೇಳುವುದು ಇವನನ್ನೇ. ವರದಿಗೆ ರುಜು ಬೀಳುವುದು ಮಾತ್ರ ಅವನದು.

ಈ ವಿದ್ಯೆ ಯಾರದು?

ಹಳೆಯ ಗಿರಣಿಯ ಮಾಡನ್ನು ನೆನಪಿಸಿಕೊಳ್ಳಿರಿ. ಗರಗಸದ ಹಲ್ಲಿನಂತೆ ಸಾಲಾಗಿ ಏರಿಳಿಯುವ ಮಾಡು. ಪ್ರತಿ ಹಲ್ಲಿನ ನೆಟ್ಟನೆಯ ಬದಿಗೆ ಗಾಜು, ಆ ಗಾಜಿನ ಮುಖ ಬಡಗಣಕ್ಕೆ. ಬಿಸಿಲು ನೇರವಾಗಿ ಒಳಗೆ ಬೀಳುವುದಿಲ್ಲ, ಬೆಳಕು ಮಾತ್ರ ಮಗ್ಗದ ಮೇಲೆ ಸಮನಾಗಿ ಹರಡುತ್ತದೆ. ‘ಹಗಲು ಬೆಳಕಿನ ಬಳಕೆ’ ಎಂದು ಇಂದು ಈ ಪರೀಕ್ಷೆಗೆ ಕೂರುವವರು ಕಂಠಪಾಠ ಮಾಡುವ ಅಧ್ಯಾಯದ ಕೆಳಗೆ ನಮ್ಮ ಜನ ತಲೆಮಾರುಗಟ್ಟಲೆ ನೂಲು ತೆಗೆದಿದ್ದಾರೆ. ನೂಲು ಹರಿಯದಂತೆ ಗಾಳಿಯಲ್ಲಿ ಎಷ್ಟು ತೇವ ಬೇಕು, ಆ ತೇವದಲ್ಲಿ ಮನುಷ್ಯನ ಮೈ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಗೌಂಡಿಯ ವಿದ್ಯೆಯೂ ಹೀಗೆಯೇ. ಸುಣ್ಣ, ಮರಳು, ಇಟ್ಟಿಗೆಯ ಪುಡಿ ಸೇರಿಸಿ ಗಾಣದಲ್ಲಿ ಅರೆದ ಗಚ್ಚಿನ ಗೋಡೆ ಉಸಿರಾಡುತ್ತದೆಂದು ಹಳಬರು ಹೇಳುತ್ತಿದ್ದರು. ಸುಣ್ಣ ಗಟ್ಟಿಯಾಗುವಾಗ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಮರಳಿ ಹೀರುತ್ತದೆಂದು ಈಗ ಪುಸ್ತಕಗಳೂ ಹೇಳುತ್ತವೆ. ಸಿಮೆಂಟಿನ ತಯಾರಿಕೆಯೊಂದೇ ಜಗತ್ತಿನ ಇಂಗಾಲಾಮ್ಲದ ಹೊಗೆಯಲ್ಲಿ ಶೇಕಡ ೭–೮ರಷ್ಟನ್ನು ಉಗುಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ವಿಜ್ಞಾನ ಮುಟ್ಟಿಸುವುದು ಅದರ ಉದ್ದೇಶ. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಳದ ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗೋಡೆಗೆ ನಿಲ್ಲುವ ಇಟ್ಟಿಗೆ ಮಾಡಿ ತೋರಿಸಿದರು. ಸೌದೆ ಬೇಡ, ಕಲ್ಲಿದ್ದಲು ಬೇಡ, ದೂರದ ಲಾರಿ ಬೇಡ. ಅಮೆರಿಕದಲ್ಲಿ ಅಳತೆಗೋಲು ಹುಟ್ಟುವ ಎಷ್ಟೋ ವರ್ಷ ಮೊದಲೇ ಆದ ಕೆಲಸ ಇದು.

ಕೇರಳದಲ್ಲಿ ಲಾರಿ ಬೇಕರ್ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಗೋಡೆಯನ್ನು ಬಳಕೆಗೆ ತಂದರು. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಬೇಕರರೇನೋ ಇಂಗ್ಲೆಂಡಿನಲ್ಲಿ ಪರೀಕ್ಷೆ ಪಾಸಾದವರೇ. ಆದರೆ ಅವರ ವಿದ್ಯೆ ನಿಂತಿದ್ದು ಅವರೊಡನೆ ಕಲಿತ ಗೌಂಡಿಗಳ ಕರಣೆಯಲ್ಲಿ. ೨೦೦೭ರಲ್ಲಿ ಅವರು ತೀರಿಕೊಂಡರು, ಗೋಡೆಗಳು ಏಳುತ್ತಲೇ ಇವೆ.

ಇಷ್ಟೆಲ್ಲ ಬಲ್ಲ ಗೌಂಡಿ ಈ ಪರೀಕ್ಷೆಗೆ ಕೂರಬಹುದೇ? “ಏಕೆ ಕೂರಬಾರದು? ಮೊದಲ ಮೆಟ್ಟಿಲಿಗೆ ಹದಿನೆಂಟು ವಯಸ್ಸಾಗಿದ್ದರೆ ಸಾಕು, ಬಾಗಿಲು ಎಲ್ಲರಿಗೂ ತೆರೆದಿದೆ” ಎನ್ನುತ್ತಾರೆ ಅಮೆರಿಕದ ಪದ್ಧತಿಯವರು. ಬಾಗಿಲೇನೋ ತೆರೆದಿದೆ, ಏಣಿಯನ್ನು ಮೇಲಕ್ಕೆ ಎಳೆದುಕೊಂಡಿದ್ದಾರೆ. ಪ್ರಶ್ನೆ ಕನ್ನಡದಲ್ಲಿಲ್ಲ, ಪುಸ್ತಕ ಕನ್ನಡದಲ್ಲಿಲ್ಲ, ಶುಲ್ಕ ಗೌಂಡಿಯ ದಿನಗೂಲಿಯ ಅಳವಿನಲ್ಲಿಲ್ಲ. ಡಾಕ್ಟರ್ ಲೋಹಿಯಾ ಇಂಗ್ಲಿಷಿನ ವಿರುದ್ಧ ಚಳವಳಿ ಹೂಡಿದ್ದು ಆ ಭಾಷೆಯ ಮೇಲಿನ ಹಗೆಯಿಂದಲ್ಲ. ಈ ದೇಶದಲ್ಲಿ ಅದು ಕೆಲವೇ ಜನರ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಯಾಗಿದೆಯೆಂದು. ಇಂಥ ವಿಷಯಗಳಿಗೆ ಕನ್ನಡದಲ್ಲಿ ಪದಗಳಿಲ್ಲವೆಂದು ಯಾರಾದರೂ ಹೇಳಿಯಾರು. ಬೆಳಕಿಂಡಿ, ಗವಾಕ್ಷಿ, ಜಗಲಿ, ಗಚ್ಚು, ರಸಮಟ್ಟ ಎಂಬವೆಲ್ಲ ಅಮೆರಿಕದಿಂದ ಬಂದುವೇ?

ಅಂಗಡಿಯವನ ಪಾಡು

ಸಣ್ಣ ವ್ಯಾಪಾರಿಗೆ ಬೀಳುವ ಪೆಟ್ಟು ಇನ್ನೊಂದು ದಾರಿಯಿಂದ. ಪದಕ ಬೇಕೆನ್ನುವ ಕಟ್ಟಡಕ್ಕೆ ಸರಕು ಕೊಳ್ಳುವವನು ಎ.ಪಿ. ಮಹಾಶಯನ ಪಟ್ಟಿ ನೋಡುತ್ತಾನೆ. ಪಟ್ಟಿಯಲ್ಲಿ ಮುದ್ರೆ ಬಿದ್ದ ಬಣ್ಣಕ್ಕೆ ಅಂಕ ಉಂಟು, ಊರ ಭಟ್ಟಿಯ ಸುಣ್ಣದ ಮೂಟೆಗೆ ಕಾಗದ ಇಲ್ಲ, ಆದ್ದರಿಂದ ಅಂಕ ಇಲ್ಲ. ಸುಣ್ಣ ಕೆಟ್ಟದ್ದೆಂದಲ್ಲ, ಅದನ್ನು ಒಳ್ಳೆಯದೆಂದು ಬರೆಸಿಕೊಳ್ಳುವ ಶಕ್ತಿ ಭಟ್ಟಿಯವನಿಗಿಲ್ಲ. ‘ಊರಿನ ಸರಕು’ ಎಂಬುದಕ್ಕೂ ಅಂಕವಿತ್ತಲ್ಲ ಎನ್ನುವಿರೋ? ಇತ್ತು. ೨೦೦೯ರ ಲೀಡ್ ಪದ್ಧತಿಯಲ್ಲಿ ಊರಿನ ಸರಕೆಂದರೆ ೫೦೦ ಮೈಲಿಯೊಳಗಿನದು! ಆ ಲೆಕ್ಕದಲ್ಲಿ ಮುಂಬಯಿಯೂ ಮದರಾಸೂ ದಾವಣಗೆರೆಯ ಕೇರಿಗಳೇ. ಆಮೇಲಿನ ಆವೃತ್ತಿಯಲ್ಲಿ ಅದನ್ನು ೧೦೦ ಮೈಲಿಗೆ ಇಳಿಸಿದರು, ಇಷ್ಟು ವಿವೇಕವಾದರೂ ಬಂತಲ್ಲ.

ಇಷ್ಟಾದರೂ ನಮ್ಮ ಸಂಗಾತಿಗಳಲ್ಲೇ ಕೆಲವರು, “ಹಸುರು ಕಟ್ಟಡವೆಂಬುದೇ ಹೊಟ್ಟೆ ತುಂಬಿದವರ ಚಟ, ಪಕ್ಷಕ್ಕೆ ಇದರ ಗೊಡವೆ ಬೇಡ” ಎನ್ನುತ್ತಾರೆ. ಇದು ತಪ್ಪು, ಮತ್ತು ಧಣಿಗಳಿಗೆ ಬಲು ಪ್ರಿಯವಾದ ತಪ್ಪು. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಮಲಗುವವರು ಯಾರು? ಭಟ್ಟಿಯ ಹೊಗೆ ಕುಡಿಯುವವರು ಯಾರು? ಕೊಳವೆಬಾವಿ ಬತ್ತಿದಾಗ ಕೊಡ ಹಿಡಿದು ನಿಲ್ಲುವವರು ಯಾರು? ಪ್ಲಾಟಿನಂ ಗೋಪುರ ಕಟ್ಟುವ ಕೂಲಿಯೂ ಆ ಗೋಪುರದ ಮಗ್ಗುಲಲ್ಲೇ ತಗಡಿನ ಶೆಡ್ಡಿನಲ್ಲಿ ಬೇಯುತ್ತಾನೆ. ನಮ್ಮ ದೇಶದ ಪದ್ಧತಿಗಳಲ್ಲಿ ಕೂಲಿಗಳಿಗೆ ನೀರು, ಕಕ್ಕಸು, ಸುರಕ್ಷತೆ ಒದಗಿಸಬೇಕೆಂಬ ಕಲಮು ಇದೆ. ಅದನ್ನು ಹೇಳದಿರುವುದು ನ್ಯಾಯವಲ್ಲ. ಆದರೆ ಶೆಡ್ಡಿನೊಳಗೆ ಮಧ್ಯಾಹ್ನ ಎಷ್ಟು ಕಾವೆಂದು ಅಳೆದು, ಅದನ್ನು ಕಟ್ಟಡದ ಅಂಕಕ್ಕೆ ತೂಗುಹಾಕಿದವರನ್ನು ನಾವಿನ್ನೂ ಕಂಡಿಲ್ಲ.

ಹಣವಿಲ್ಲವೆಂಬ ಮಾತು ಬೇಡ. ೧೯೯೬ರ ಕಾನೂನಿನಿಂದ ಕಟ್ಟಡದ ಖರ್ಚಿನ ಶೇಕಡ ಒಂದರಷ್ಟು ಸೆಸ್ಸು ಕಾರ್ಮಿಕರ ಕಲ್ಯಾಣಕ್ಕೆಂದು ಕೂಡುತ್ತ ಬಂದಿದೆ. ೨೦೨೫ರ ನವೆಂಬರಿನಿಂದ ಹೊಸ ಕಾರ್ಮಿಕ ಸಂಹಿತೆಗಳು ಆ ಕಾನೂನಿನ ಜಾಗಕ್ಕೆ ಬಂದರೂ ಸೆಸ್ಸು ಉಳಿದಿದೆ. ೨೦೧೮ರಲ್ಲಿ ಸುಪ್ರೀಂ ಕೋರ್ಟೇ ಎಣಿಸಿ ಹೇಳಿತು: ದೇಶದಲ್ಲಿ ಕೂಡಿದ್ದು ಸುಮಾರು ೩೭,೪೦೦ ಕೋಟಿ ರೂಪಾಯಿ, ಕಾರ್ಮಿಕರಿಗಾಗಿ ಖರ್ಚಾದದ್ದು ಸುಮಾರು ೯,೫೦೦ ಕೋಟಿ. ಗೌಂಡಿಯ ಬೆವರಿನ ಹಣ ಬ್ಯಾಂಕಿನಲ್ಲಿ ಕೊಳೆಯುತ್ತಿರುವಾಗ ಅವನ ವಿದ್ಯೆಗೊಂದು ಪರೀಕ್ಷೆ ನಡೆಸಲು ದುಡ್ಡಿಲ್ಲವೆಂದರೆ ಯಾರು ನಂಬಿಯಾರು?

ನಾವು ಕೇಳುವುದು ಇಷ್ಟೆ. ರಾಜ್ಯ ಸರಕಾರ ತನ್ನದೇ ಹಸುರು ಕಟ್ಟಡದ ಪರೀಕ್ಷೆಯನ್ನು ಬಾಯ್ಲರಿನವನ ಪರೀಕ್ಷೆಯ ಮಾದರಿಯಲ್ಲಿ ಕನ್ನಡದಲ್ಲಿ ನಡೆಸಲಿ. ಅರ್ಧ ಪ್ರಶ್ನೆ ಬಾಯಲ್ಲಿ, ಅರ್ಧ ಕರಣೆಯಲ್ಲಿ. ದುಡಿದ ವರ್ಷಗಳನ್ನು ಓದಿದ ವರ್ಷಗಳಂತೆಯೇ ಎಣಿಸಲಿ. ಶುಲ್ಕವನ್ನು ಕಲ್ಯಾಣ ಮಂಡಳಿ ಸೆಸ್ಸಿನ ಹಣದಿಂದ ಕಟ್ಟಲಿ. ಊರ ಸುಣ್ಣ, ಊರ ಇಟ್ಟಿಗೆಯನ್ನು ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜಿನ ಯಂತ್ರದಲ್ಲಿ ಒತ್ತಿ ನೋಡಿ ಕಾಗದ ಕೊಡುವ ಏರ್ಪಾಡಾಗಲಿ. ಕಟ್ಟಡಕ್ಕೆ ಫಲಕ ಹಚ್ಚುವುದು ಜನ ಒಳಗೆ ಸೇರಿ ಎರಡು ವರ್ಷದ ವಿದ್ಯುತ್ ಬಿಲ್ಲು, ನೀರಿನ ಬಿಲ್ಲು ನೋಡಿದ ಮೇಲೆ. ಬಿಲ್ಲು ಏರಿದರೆ ಫಲಕ ಇಳಿಯಲಿ, ಅದಕ್ಕೆ ರುಜು ಹಾಕಿದವನ ಬಿಲ್ಲೆಯೂ ಇಳಿಯಲಿ. ಮೊದಲ ಪರೀಕ್ಷೆ ದಾವಣಗೆರೆಯಲ್ಲಿ ನಡೆಯಲಿ. ಪ್ರಶ್ನೆಪತ್ರಿಕೆ ತಯಾರಿಸಲು ಆಳು ಸಾಲದೆಂದು ಇಲಾಖೆಯವರು ಹೇಳುವುದಾದರೆ, ಗೌಂಡಿಗಳನ್ನೂ ಬಾಯ್ಲರಿನವರನ್ನೂ ನಾವೇ ಕಳಿಸಿಕೊಡುತ್ತೇವೆ. ಬಸ್ಸಿನ ಚಾರ್ಜು ಕೊ‌ಟ್ಟರೆ ಸಾಕು.